ಅಳತೆ ತುಂಡಿನಿಂದ ಸ್ವೆಟರಿನವರೆಗೆ: ಹೆಣಿಗೆಯ ಯೋಜನೆಯಲ್ಲಿ ಪ್ರೌಢಶಾಲೆಯ ಗಣಿತ

ಸ್ವೆಟರ್ ಹೆಣೆಯಲು ಎರಡು ದಾರಿಗಳಿವೆ. ಒಂದು, ನಮೂನೆ ಪುಸ್ತಕದಲ್ಲಿ ‘94 ಕುಣಿಕೆ ಹಾಕಿಕೊಳ್ಳಿ, 6 ಸೆಂ.ಮೀ. ಬಾರ್ಡರ್ ಹೆಣೆಯಿರಿ’ ಎಂದು ಬರೆದಿದ್ದನ್ನು ಹಾಗೆಯೇ ಮಾಡುತ್ತಾ ಹೋಗುವುದು. ಇನ್ನೊಂದು, ತೊಡುವವರ ಮೈಯನ್ನು ಅಳೆದು, ನಮ್ಮ ನೂಲನ್ನೂ ನಮ್ಮ ಕೈಯನ್ನೂ ಅಳೆದು, ಆ 94 ಎಂಬ ಸಂಖ್ಯೆಯನ್ನು ನಾವೇ ಕಂಡುಹಿಡಿಯುವುದು. ಮೊದಲನೆಯದಕ್ಕೆ ಕೈ ಚಳಕ ಸಾಕು. ಎರಡನೆಯದಕ್ಕೆ ಅನುಪಾತ, ಶೇಕಡಾ, ಅಪವರ್ತನ, ಭಾಗಾಕಾರದ ಶೇಷ, ತ್ರಾಪಿಜ್ಯದ ವಿಸ್ತೀರ್ಣ ಎಲ್ಲವೂ ಬೇಕು. ಇವೆಲ್ಲ ಆರರಿಂದ ಹತ್ತನೇ ತರಗತಿಯೊಳಗೆ ಬಂದುಹೋಗುವ ವಿಷಯಗಳೇ.

ಅಭ್ಯಾಸ ಬೋಧನೆಯ ಅವಧಿಯಲ್ಲಿ ಎಂಟನೇ ತರಗತಿಗೆ ಅನುಪಾತದ ಪಾಠ ಮಾಡುವಾಗ ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಈ ಎರಡನೆಯ ದಾರಿಯನ್ನು ನಾಲ್ಕು ಪಿರಿಯಡ್‌ಗಳಲ್ಲಿ ಹಿಡಿದೆವು. ತರಗತಿಯ ಒಬ್ಬ ಹುಡುಗಿಯ ಮನೆಯಲ್ಲಿ ಅಜ್ಜಿ ಹೆಣೆಯುತ್ತಾರೆ. ಅವಳ ತಮ್ಮನಿಗೆ ಮಳೆಗಾಲದೊಳಗೆ ಒಂದು ಸ್ವೆಟರ್ ಆಗಬೇಕಿತ್ತು. ಹೋದ ವರ್ಷ ಅಂಗಡಿಯಲ್ಲಿ ತಂದದ್ದು ಈ ವರ್ಷ ಮುಂಗೈ ದಾಟುತ್ತಿರಲಿಲ್ಲ. ಹಾಗಾಗಿ ಲೆಕ್ಕ ತಪ್ಪಿದರೆ ನಷ್ಟವಾಗುವುದು ಅಂಕವಲ್ಲ, ನೂಲು. ಆ ಯೋಜನೆಯನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಹೆಣೆಯಲು ಬಾರದ ಪ್ರಶಿಕ್ಷಣಾರ್ಥಿಗಳೂ ಇದನ್ನು ಬಳಸಬಹುದು. ಒಂದು ಅಂಗೈಯಗಲದ ತುಂಡನ್ನು ಯಾರಿಂದಲಾದರೂ ಹೆಣೆಸಿಕೊಂಡರೆ ಉಳಿದದ್ದೆಲ್ಲ ಕಾಗದದ ಮೇಲಿನ ಕೆಲಸ.

ನೇಯ್ಗೆಯಲ್ಲ, ಹೆಣಿಗೆ

ಮೊದಲು ಬಟ್ಟೆಯ ಸ್ವಭಾವ ತಿಳಿಯಬೇಕು. ಚಳ್ಳಕೆರೆಯ ಕಂಬಳಿಯೂ ಉಣ್ಣೆಯದೇ, ಸ್ವೆಟರೂ ಉಣ್ಣೆಯದೇ. ಆದರೆ ಕಂಬಳಿಯಲ್ಲಿ ಹಾಸು, ಹೊಕ್ಕು ಎಂಬ ಎರಡು ಎಳೆಗಳು ಒಂದನ್ನೊಂದು ಲಂಬವಾಗಿ ದಾಟುತ್ತವೆ. ಎಳೆ ನೇರವಾಗಿರುವುದರಿಂದ ಬಟ್ಟೆ ಹಿಗ್ಗುವುದಿಲ್ಲ. ಹೆಣಿಗೆಯಲ್ಲಿ ಇರುವುದು ಒಂದೇ ಎಳೆ. ಅದು ಕುಣಿಕೆಯಾಗಿ ಬಾಗಿ, ಕೆಳಗಿನ ಸಾಲಿನ ಕುಣಿಕೆಯೊಳಗಿಂದ ತೂರಿ ಬಂದು ನಿಲ್ಲುತ್ತದೆ. ಎಳೆದಾಗ ಕುಣಿಕೆಯ ಬಾಗು ನೇರವಾಗಲು ಜಾಗವಿರುವುದರಿಂದ ಬಟ್ಟೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಕುಣಿಕೆಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಬೆಚ್ಚಗಿಡುವುದು. ಉಷ್ಣವಾಹಕತೆಯ ಪಾಠದಲ್ಲಿ ಇದನ್ನು ಹೇಳುತ್ತೇವೆ, ಆದರೆ ತುಂಡನ್ನು ಬೆಳಕಿಗೆ ಹಿಡಿದು ತೂತುಗಳನ್ನು ತೋರಿಸುವುದು ಅಪರೂಪ.

ಇದರಿಂದ ಎರಡು ಪರಿಣಾಮಗಳು. ಒಂದು, ಮೂರ್ನಾಲ್ಕು ಮಿಲಿಮೀಟರಿನ ವ್ಯತ್ಯಾಸವನ್ನು ಹೆಣಿಗೆ ನುಂಗಿಕೊಳ್ಳುತ್ತದೆ. ಬಟ್ಟೆ ಕತ್ತರಿಸುವ ದರ್ಜಿಗೆ ಈ ಅನುಕೂಲವಿಲ್ಲ. ಇನ್ನೊಂದು, ಇಲ್ಲಿ ಬಟ್ಟೆಯನ್ನು ಕತ್ತರಿಸಿ ಆಕಾರ ಕೊಡುವುದಿಲ್ಲ. ಕುಣಿಕೆಗಳನ್ನು ಹೆಚ್ಚಿಸಿ, ಇಳಿಸಿಯೇ ಆಕಾರ ಬರಬೇಕು. ಎಂದರೆ ಆಕಾರವೆಲ್ಲ ಮೊದಲೇ ಸಂಖ್ಯೆಯಾಗಿರಬೇಕು.

ಅಳತೆ ತುಂಡು

ಇಡೀ ಯೋಜನೆ ನಿಂತಿರುವುದು ಇದರ ಮೇಲೆ. ಸ್ವೆಟರಿಗೆ ಬಳಸುವ ಅದೇ ನೂಲು, ಅದೇ ಸೂಜಿ, ಅದೇ ಕೈಯಿಂದ 30 ಕುಣಿಕೆ ಅಗಲ, 40 ಸಾಲು ಎತ್ತರದ ಒಂದು ತುಂಡು ಹೆಣೆಯಬೇಕು. ಅದನ್ನು ಒಗೆದು, ಹಿಂಡದೆ, ಚಪ್ಪಟೆಯಾಗಿ ಹಾಸಿ ಒಣಗಿಸಬೇಕು. ಆಮೇಲೆ ನಡುವಿನ 10 ಸೆಂ.ಮೀ. ಅಗಲದಲ್ಲಿ ಎಷ್ಟು ಕುಣಿಕೆ, 10 ಸೆಂ.ಮೀ. ಎತ್ತರದಲ್ಲಿ ಎಷ್ಟು ಸಾಲು ಎಂದು ಎಣಿಸಬೇಕು. ಅಂಚಿನ ಕುಣಿಕೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಅಂಚು ಸುರುಳಿಯಾಗುತ್ತದೆ, ಅಲ್ಲಿ ಕುಣಿಕೆ ಸಮನಾಗಿರುವುದಿಲ್ಲ.

ನಮ್ಮ ತುಂಡಿನಲ್ಲಿ 10 ಸೆಂ.ಮೀ.ಗೆ 22 ಕುಣಿಕೆ, 30 ಸಾಲು ಬಂದವು. ಸೆಂಟಿಮೀಟರಿಗೆ 2.2 ಕುಣಿಕೆ, 3 ಸಾಲು. ಮುಂದಿನ ಲೆಕ್ಕವೆಲ್ಲ ಈ ಎರಡು ಸಂಖ್ಯೆಗಳ ಗುಣಾಕಾರ, ಭಾಗಾಕಾರ.

ಅದೇ ನೂಲು, ಅದೇ ಸೂಜಿಯಲ್ಲಿ ಇನ್ನೊಬ್ಬರು ಹೆಣೆದ ತುಂಡಿನಲ್ಲಿ 24 ಕುಣಿಕೆ ಬಂತು, ಏಕೆಂದರೆ ಅವರು ನೂಲನ್ನು ಬಿಗಿಯಾಗಿ ಹಿಡಿಯುತ್ತಾರೆ. ‘22ಕ್ಕೂ 24ಕ್ಕೂ ಏನು ಮಹಾ ವ್ಯತ್ಯಾಸ’ ಎಂದು ತರಗತಿ ಕೇಳಿತು. ಉತ್ತರ ಕೊಡದೆ ಲೆಕ್ಕ ಮಾಡಿಸಿದೆ. ನಮ್ಮ ಸ್ವೆಟರಿನ ಸುತ್ತಳತೆಗೆ 184 ಕುಣಿಕೆ. 22ರ ಕೈಯಲ್ಲಿ ಅದು 184 ÷ 2.2, ಸುಮಾರು 83.6 ಸೆಂ.ಮೀ. 24ರ ಕೈಯಲ್ಲಿ 184 ÷ 2.4, ಸುಮಾರು 76.7 ಸೆಂ.ಮೀ. ಹುಡುಗನ ಎದೆಯ ಸುತ್ತಳತೆಯೇ 76. ಒಬ್ಬರ ಕೈಯಲ್ಲಿ ಹಿತವಾಗಿ ಕೂರುವ ಸ್ವೆಟರ್ ಇನ್ನೊಬ್ಬರ ಕೈಯಲ್ಲಿ ಮೈಗಂಟಿಕೊಂಡು ತಲೆಯಿಂದ ಇಳಿಯಲು ಹಟಮಾಡುತ್ತದೆ. ವಿಲೋಮ ಅನುಪಾತಕ್ಕೆ ‘ಹತ್ತು ಜನ ಆರು ದಿನದಲ್ಲಿ ಗೋಡೆ ಕಟ್ಟಿದರೆ’ ಎಂಬ ಉದಾಹರಣೆಗಿಂತ ಇದು ಒಳ್ಳೆಯದೆಂದು ನನಗನ್ನಿಸುತ್ತದೆ; ಆ ಗೋಡೆಯನ್ನು ಯಾರೂ ನೋಡಿಲ್ಲ.

(ಹಳೆಯ ರೆಕಾರ್ಡ್ ಪುಸ್ತಕದಿಂದ ಪಾಠ ಯೋಜನೆಯನ್ನು ಇಳಿಸಿಕೊಳ್ಳುವ ನಮ್ಮಲ್ಲಿನ ಪದ್ಧತಿಯೂ ಇನ್ನೊಬ್ಬರ ಅಳತೆ ತುಂಡಿನಿಂದ ಸ್ವೆಟರ್ ಹೆಣೆದ ಹಾಗೆಯೇ. ಪೂರ್ವಜ್ಞಾನ ಪರೀಕ್ಷೆ ಇರುವುದು ಫಾರ್ಮಿನ ಕಲಂ ತುಂಬಲಿಕ್ಕಲ್ಲ.)

ಸೂಜಿಯ ವಿಷಯ ಒಂದು ಮಾತು. ನಮ್ಮ ಅಂಗಡಿಗಳಲ್ಲಿ ಸಿಗುವ ಸೂಜಿಗಳ ಮೇಲೆ ಹಳೆಯ ಬ್ರಿಟಿಷ್ ಕ್ರಮದ ಸಂಖ್ಯೆ ಇರುತ್ತದೆ. 8ನೇ ನಂಬರ್ ಎಂದರೆ 4 ಮಿ.ಮೀ. ದಪ್ಪ, 10 ಎಂದರೆ 3.25 ಮಿ.ಮೀ., 12 ಎಂದರೆ 2.75 ಮಿ.ಮೀ. ಸಂಖ್ಯೆ ಏರಿದಂತೆ ಸೂಜಿ ತೆಳ್ಳಗಾಗುತ್ತದೆ. ತುಂಡಿನಲ್ಲಿ ಕುಣಿಕೆ ಬೇಕಾದ್ದಕ್ಕಿಂತ ಹೆಚ್ಚು ಬಂದರೆ ಚಿಕ್ಕ ನಂಬರಿನ ಸೂಜಿ, ಕಡಿಮೆ ಬಂದರೆ ದೊಡ್ಡ ನಂಬರಿನದು. ಮಕ್ಕಳು ಇದನ್ನು ಎರಡು ಸಲ ತಿರುಗಾಮುರುಗಾ ಹೇಳಿ ಮೂರನೆಯ ಸಲ ಸರಿಮಾಡಿಕೊಂಡರು.

ಮೈ ಅಳತೆಯಿಂದ ಕುಣಿಕೆಗೆ

ಎದೆಯ ಸುತ್ತಳತೆ 76 ಸೆಂ.ಮೀ. ಸ್ವೆಟರ್ ಅಷ್ಟೇ ಇದ್ದರೆ ಸಾಲದು. ಒಳಗೆ ಯೂನಿಫಾರ್ಮಿನ ಅಂಗಿ ಇರುತ್ತದೆ, ಕೈ ಆಡಬೇಕು, ಹುಡುಗ ಬೆಳೆಯುತ್ತಾನೆ. ಈ ಹೆಚ್ಚುವರಿಯನ್ನು ಸಡಿಲ ಎನ್ನೋಣ. ಎಷ್ಟಿರಬೇಕೆಂಬುದು ಗಣಿತ ತೀರ್ಮಾನಿಸುವ ವಿಷಯವಲ್ಲ, ತೊಡುವವನು ತೀರ್ಮಾನಿಸಬೇಕು. ಅವನಿಗೆ ಹಿತವಾದ ಹಳೆಯ ಸ್ವೆಟರನ್ನು ಹಾಸಿ ಅಳೆಯುವುದು ಸುಲಭದ ದಾರಿ. ನಾವು 8 ಸೆಂ.ಮೀ. ಇಟ್ಟೆವು. ಒಟ್ಟು 84, ಹಿಂಭಾಗ 42, ಮುಂಭಾಗ 42.

42 × 2.2 = 92.4. ಇಲ್ಲಿ ತರಗತಿ ನಿಂತಿತು. ‘ಮಿಸ್, ಅರ್ಧ ಕುಣಿಕೆ ಹಾಕಕ್ಕೆ ಆಗಲ್ವಲ್ಲ?’ ಆಗುವುದಿಲ್ಲ. ಪಠ್ಯಪುಸ್ತಕದಲ್ಲಿ ‘ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸಿ’ ಎಂದು ಆಜ್ಞೆ ಇರುತ್ತದೆ, ಕಾರಣ ಇರುವುದಿಲ್ಲ. ಇಲ್ಲಿ ಕಾರಣ ಕಣ್ಣ ಮುಂದೆ ಇತ್ತು. 92 ಎಂದುಕೊಂಡೆವು. ಜೊತೆಗೆ ಹಿಂಭಾಗ, ಮುಂಭಾಗಗಳನ್ನು ಪಕ್ಕದಲ್ಲಿ ಸೇರಿಸಿ ಹೊಲಿಯುವಾಗ ಪ್ರತಿ ಅಂಚಿನಲ್ಲಿ ಒಂದೊಂದು ಕುಣಿಕೆ ಒಳಗೆ ಹೋಗುತ್ತದೆ. ಆದ್ದರಿಂದ ಹಾಕಿಕೊಳ್ಳಬೇಕಾದದ್ದು 94.

ಈ 94 ಬಾರ್ಡರಿಗೆ ಹೊಂದುತ್ತದೆಯೇ? ಎರಡು ನಿಟ್, ಎರಡು ಪರ್ಲ್ ಬಾರ್ಡರಿನ ಒಂದು ಆವೃತ್ತಿಗೆ 4 ಕುಣಿಕೆ. ಎರಡೂ ಅಂಚಿನಲ್ಲಿ ಎರಡೆರಡು ನಿಟ್ ಇರಬೇಕಾದರೆ ಒಟ್ಟು ಸಂಖ್ಯೆಯನ್ನು 4ರಿಂದ ಭಾಗಿಸಿದಾಗ 2 ಶೇಷ ಉಳಿಯಬೇಕು. 94 = 4 × 23 + 2. ಸರಿಹೋಯಿತು. ಹೊಲಿದಾಗ ಎರಡೂ ಕಡೆ ಒಂದೊಂದು ನಿಟ್ ಒಳಗೆ ಹೋಗಿ, ಹೊರಗುಳಿದ ಒಂದೊಂದು ಸೇರಿ ಮತ್ತೆ ಎರಡು ನಿಟ್ ಆಗುತ್ತವೆ. ಹೊಲಿಗೆ ಎಲ್ಲಿದೆಯೆಂದು ಕಾಣುವುದೇ ಇಲ್ಲ. 93 ಅಥವಾ 95 ಆಗಿದ್ದರೆ ಪಕ್ಕದಲ್ಲಿ ಬಾರ್ಡರ್ ಕೆಡುತ್ತಿತ್ತು.

ಕಸೂತಿಯ ಗೋಪುರ ಚಪ್ಪಟೆಯಾಗುವುದೇಕೆ

ಸ್ವಂತ ವಿನ್ಯಾಸ ಎಂದ ಮೇಲೆ ಒಂದು ಚಿತ್ರಪಟ್ಟಿ ಬೇಡವೇ? ಎದೆಯ ಅಡ್ಡಕ್ಕೆ ಎರಡು ಬಣ್ಣದಲ್ಲಿ ಕಸೂತಿಯ ಗೋಪುರ ಬರಲಿ ಎಂದು ಮಕ್ಕಳು ಹೇಳಿದರು. ಧಾರವಾಡದ ಕಸೂತಿ ಎಳೆ ಎಣಿಸಿ ಹಾಕುವ ಕಲೆಯಾದ್ದರಿಂದ ಅದನ್ನು ಚೌಕುಳಿ ಹಾಳೆಯ ಮೇಲೆ ಬರೆಯಬಹುದು, ಹೆಣಿಗೆಯ ಚಿತ್ರವನ್ನೂ ಹಾಗೆಯೇ ಬರೆಯಬಹುದು. ಆದರೆ ಎರಡಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಚಿತ್ರ ಗೆರೆಗಳಿಂದ ಆಗುತ್ತದೆ, ಎಂದರೆ ಚೌಕದ ಅಂಚಿನ ಮೇಲೆ ಹೋಗುತ್ತದೆ. ಹೆಣಿಗೆಯಲ್ಲಿ ಒಂದು ಕುಣಿಕೆ ಒಂದು ಇಡೀ ಚೌಕವನ್ನು ತುಂಬುತ್ತದೆ. ಹೀಗಾಗಿ ನೇಯ್ಗೆಯಂತೆ ಜಾಗ ತುಂಬಿ ಬರುವ ನೇಗಿಯ ಚಿತ್ರಗಳು ಹೆಣಿಗೆಗೆ ಹೆಚ್ಚು ಒಗ್ಗುತ್ತವೆ.

15 ಚೌಕ ಅಗಲ, 15 ಚೌಕ ಎತ್ತರದ ಗೋಪುರ ಬರೆದರು. ಹೆಣೆದರೆ ಅದರ ಅಳತೆ ಎಷ್ಟಾಗುತ್ತದೆ? ಅಗಲ 15 ÷ 2.2, ಸುಮಾರು 6.8 ಸೆಂ.ಮೀ.; ಎತ್ತರ 15 ÷ 3, ಎಂದರೆ 5 ಸೆಂ.ಮೀ. ಮೇಲಿಂದ ಯಾರೋ ಕೂತ ಹಾಗೆ ಗೋಪುರ ಚಪ್ಪಟೆಯಾಗುತ್ತದೆ. ಕುಣಿಕೆ ಚೌಕವಲ್ಲ, ಅಡ್ಡಡ್ಡ ಆಯತ. ಅದರ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ 30 : 22, ಎಂದರೆ 15 : 11. ಚೌಕಾಕಾರದ ಚಿತ್ರ ಬೇಕಾದರೆ 15 ಸಾಲಿಗೆ 11 ಕುಣಿಕೆ ಇರಬೇಕು. ಆಗ ಎರಡೂ ಕಡೆ 5 ಸೆಂ.ಮೀ. ಬರುತ್ತದೆ. ಇದಕ್ಕೆ ಚೌಕುಳಿ ಹಾಳೆಯನ್ನು ಬಿಟ್ಟು, ಬಿಳಿ ಹಾಳೆಯ ಮೇಲೆ 8 ಮಿ.ಮೀ. ಅಗಲ, 6 ಮಿ.ಮೀ. ಎತ್ತರದ ಮನೆಗಳನ್ನು ಗೀಚಿಕೊಂಡು ಅದರಲ್ಲಿ ಬರೆಯುವುದು ಒಳ್ಳೆಯದು. 8 : 6 ನಿಖರವಾಗಿ 15 : 11 ಅಲ್ಲ, ಆದರೆ ಕಣ್ಣಿಗೆ ಗೊತ್ತಾಗುವಷ್ಟು ದೂರವಿಲ್ಲ. ಈ ಹಾಳೆ ಮಾಡುವುದಕ್ಕೇ ಅರ್ಧ ಪಿರಿಯಡ್ ಹೋಯಿತು. ಹೋಗಲಿ, ಅನುಪಾತವನ್ನು ಅವರು ಸ್ಕೇಲಿನಿಂದ ಗೀಚಿದ್ದು ಆಗಲೇ.

ಮುಂದಿನ ಪ್ರಶ್ನೆ: 92 ಕುಣಿಕೆಗಳಲ್ಲಿ 11 ಅಗಲದ ಗೋಪುರಗಳನ್ನು ಹೇಗೆ ಹಂಚುವುದು? 92ರ ಅಪವರ್ತನಗಳು 1, 2, 4, 23, 46, 92. ಜಿಪುಣ ಸಂಖ್ಯೆ. 96 ಮಾಡಿಕೊಂಡರೆ ಅಪವರ್ತನಗಳು ಹೇರಳ, ಆದರೆ ಸುತ್ತಳತೆ 87 ಸೆಂ.ಮೀ. ದಾಟುತ್ತದೆ. 84 ಮಾಡಿದರೆ ಸಡಿಲವೇ ಉಳಿಯುವುದಿಲ್ಲ. 90 ಮಾಡಿದರೆ ಬಾರ್ಡರಿನ ಶೇಷ ಕೆಡುತ್ತದೆ. ಕೊನೆಗೆ 23ನ್ನೇ ಒಪ್ಪಿಕೊಂಡೆವು: 11 ಕುಣಿಕೆಯ ಗೋಪುರ, 3 ಖಾಲಿ, 6 ಕುಣಿಕೆಯ ಪುಟ್ಟ ದೀಪ, 3 ಖಾಲಿ. ಒಟ್ಟು 23, ಅಂಥವು 4.

ಇನ್ನೂ ಒಂದು ತೊಡಕಿತ್ತು. 92 ಸಮಸಂಖ್ಯೆಯಾದ್ದರಿಂದ ಮುಂಭಾಗದ ನಡುಗೆರೆ 46 ಮತ್ತು 47ನೇ ಕುಣಿಕೆಗಳ ಮಧ್ಯೆ ಬೀಳುತ್ತದೆ. ಗೋಪುರದ ಅಗಲ ಬೆಸಸಂಖ್ಯೆ, ಅದರ ನಡುಗೆರೆ ಒಂದು ಕುಣಿಕೆಯ ಮೇಲೆಯೇ ಇರುತ್ತದೆ. ಗೋಪುರವನ್ನು ಎದೆಯ ನಡುವೆ ಇಟ್ಟರೆ ಅರ್ಧ ಕುಣಿಕೆ ಪಕ್ಕಕ್ಕೆ ಸರಿಯುತ್ತದೆ. ದೀಪದ ಅಗಲ 6, ಅದು ನಡುವೆ ಸರಿಯಾಗಿ ಕೂರುತ್ತದೆ. ನಡುವಿನಿಂದ ಪಕ್ಕಕ್ಕೆ ಎಣಿಸುತ್ತಾ ಹೋದರೆ ಅರ್ಧ ದೀಪ 3, ಖಾಲಿ 3, ಗೋಪುರ 11, ಖಾಲಿ 3, ದೀಪ 6, ಖಾಲಿ 3, ಗೋಪುರ 11, ಖಾಲಿ 3, ಮತ್ತೆ ಅರ್ಧ ದೀಪ 3; ಕೂಡಿದರೆ ಸರಿಯಾಗಿ 46. ಪಕ್ಕದ ಹೊಲಿಗೆಯಲ್ಲಿ ಮುಂಭಾಗದ ಅರ್ಧ ದೀಪವೂ ಹಿಂಭಾಗದ ಅರ್ಧ ದೀಪವೂ ಸೇರಿ ಪೂರ್ತಿಯಾಗುತ್ತವೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಇದನ್ನು ಕಂಡುಹಿಡಿದಾಗ ತರಗತಿಯಲ್ಲಿ ಚಪ್ಪಾಳೆ ಬಿತ್ತು. ಸಮ–ಬೆಸ ಕಲಿತದ್ದು ಎರಡನೇ ಕ್ಲಾಸಿನಲ್ಲಿ. ಅದು ಎಲ್ಲಿಯಾದರೂ ಹೀಗೆ ಅಡ್ಡಬರುತ್ತದೆ, ಹೀಗೆ ದಾರಿಯನ್ನೂ ಬಿಡುತ್ತದೆ ಎಂದು ಅವರಿಗೆ ಹೊಸದು.

ಎರಡು ಬಣ್ಣದ ಕೆಲಸದಲ್ಲಿ ಬಳಸದ ಬಣ್ಣದ ನೂಲು ಒಳಬದಿಯಲ್ಲಿ ಹಾದುಹೋಗುತ್ತದೆ. ಅದು ಉದ್ದವಾದರೆ ತೊಡುವಾಗ ಬೆರಳು ಸಿಕ್ಕಿಕೊಳ್ಳುತ್ತದೆ. ಒಂದೇ ಬಣ್ಣ ಐದು ಕುಣಿಕೆಗಿಂತ ಹೆಚ್ಚು ಸತತವಾಗಿ ಬಾರದಂತೆ ಚಿತ್ರ ಬರೆಯಬೇಕು. ಈ ಪಟ್ಟಿ ಉಳಿದ ಭಾಗಕ್ಕಿಂತ ಬಿಗಿಯಾಗುವುದೂ ಸಾಮಾನ್ಯ. ಅದಕ್ಕೆ ಬೇರೆ ಅಳತೆ ತುಂಡು ಹೆಣೆದು, ಬೇಕಿದ್ದರೆ ಒಂದು ನಂಬರ್ ದಪ್ಪದ ಸೂಜಿ ಹಿಡಿಯಬೇಕು.

ಕಂಕುಳು, ಕುತ್ತಿಗೆ

ಕೆಳಗಿನ ಅಂಚಿನಿಂದ ಕಂಕುಳವರೆಗೆ 36 ಸೆಂ.ಮೀ. ಇದರಲ್ಲಿ ಕೆಳಗಿನ 6 ಸೆಂ.ಮೀ. ಬಾರ್ಡರನ್ನು ತೆಳು ಸೂಜಿಯಲ್ಲಿ ಹೆಣೆಯುವುದರಿಂದ ಅಲ್ಲಿ ಸಾಲಿನ ಲೆಕ್ಕ ಬೇಡ, ಟೇಪು ಸಾಕು. ಉಳಿದ 30 ಸೆಂ.ಮೀ.ಗೆ 90 ಸಾಲು. ಕಂಕುಳಿನಿಂದ ಭುಜಕ್ಕೆ 16 ಸೆಂ.ಮೀ., 48 ಸಾಲು.

ಬೆನ್ನಿನ ಅಗಲ ಭುಜದಿಂದ ಭುಜಕ್ಕೆ 32 ಸೆಂ.ಮೀ., ಸುಮಾರು 70 ಕುಣಿಕೆ. 94ರಿಂದ 70ಕ್ಕೆ ಇಳಿಯಬೇಕಾದರೆ ಒಂದೊಂದು ಬದಿಗೆ 12. ಅಂಗಡಿ ಸ್ವೆಟರುಗಳಲ್ಲಿ ಕಂಕುಳು ದುಂಡಗೆ ಇಳಿಯುತ್ತದೆ, ತೋಳಿನ ತುದಿ ಗಂಟೆಯಾಕಾರದಲ್ಲಿರುತ್ತದೆ. ಮೊದಲ ಸ್ವಂತ ವಿನ್ಯಾಸಕ್ಕೆ ಅದು ಬೇಡ. 12 ಕುಣಿಕೆಗಳನ್ನು ಒಟ್ಟಿಗೇ ಮುಚ್ಚಿ ಒಂದು ಚೌಕ ಮೂಲೆ ಮಾಡಿದರೆ ತೋಳಿನ ತುದಿ ನೇರವಾಗಿಯೇ ಇರಬಹುದು, ಲೆಕ್ಕವೂ ಹಗುರ.

ಕುತ್ತಿಗೆಗೆ 34 ಕುಣಿಕೆ, ಎರಡು ಭುಜಕ್ಕೆ 18, 18. ಮುಂಭಾಗದಲ್ಲಿ ‘ವಿ’ ಆಕಾರ ಬೇಕೆಂದರೆ ಒಂದೊಂದು ಬದಿಯಲ್ಲಿ 17 ಕುಣಿಕೆಗಳನ್ನು 48 ಸಾಲುಗಳಲ್ಲಿ ಇಳಿಸಬೇಕು. ಇಳಿಸುವುದನ್ನು ಮುಖದ ಬದಿಯ ಸಾಲಿನಲ್ಲಿ ಮಾಡುವುದು ರೂಢಿ, ಅಂಥವು 24. 24 ಸಾಲಿನಲ್ಲಿ 17 ಸಲ ಇಳಿಸುವುದನ್ನು ಸಮನಾಗಿ ಹಂಚುವುದು ಹೇಗೆ? ಇದೇ ಪ್ರಶ್ನೆ ತೋಳಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ತೋಳು ಮತ್ತು ಭಾಗಾಕಾರದ ಶೇಷ

ಮುಂಗೈ ಹತ್ತಿರ 20 ಸೆಂ.ಮೀ., ಎಂದರೆ 44, ಹೊಲಿಗೆಗೆ 2 ಸೇರಿ 46. ಇದೂ 4 × 11 + 2, ಬಾರ್ಡರಿಗೆ ಹೊಂದುತ್ತದೆ. ಮೇಲ್ದೋಳು 32 ಸೆಂ.ಮೀ.; ಇದು ಕಂಕುಳಿನ ಎತ್ತರ 16ರ ಎರಡರಷ್ಟೇ ಆಗಿರಬೇಕು, ಇಲ್ಲವಾದರೆ ತೋಳು ಕೂರುವುದಿಲ್ಲ. 70 ಮತ್ತು 2, ಒಟ್ಟು 72. ವ್ಯತ್ಯಾಸ 26, ಒಂದು ಸಲಕ್ಕೆ ಎರಡು ಅಂಚಿನಲ್ಲೂ ಒಂದೊಂದು ಹೆಚ್ಚಿಸುವುದರಿಂದ 13 ಸಲ. ಮುಂಗೈ ಬಾರ್ಡರಿನಿಂದ ಕಂಕುಳವರೆಗೆ 36 ಸೆಂ.ಮೀ., 108 ಸಾಲು, ಮುಖದ ಸಾಲುಗಳು 54.

54ನ್ನು 13ರಿಂದ ಭಾಗಿಸಿದರೆ ಭಾಗಲಬ್ಧ 4, ಶೇಷ 2. ಮಕ್ಕಳು ‘4.15’ ಎಂದು ಬರೆದು ಕೈಕಟ್ಟಿ ಕುಳಿತರು. ದಶಮಾಂಶ ಇಲ್ಲಿ ಏನನ್ನೂ ಹೇಳುವುದಿಲ್ಲ. ಯೂಕ್ಲಿಡ್‌ನ ಭಾಗಾಕಾರ ಕ್ರಮದಲ್ಲಿ ಬರೆದರೆ ಉತ್ತರ ತಾನೇ ಬಿಚ್ಚಿಕೊಳ್ಳುತ್ತದೆ: 54 = 13 × 4 + 2. ಹದಿಮೂರು ಅಂತರಗಳು ಬೇಕು. ಪ್ರತಿಯೊಂದಕ್ಕೂ 4 ಮುಖದ ಸಾಲು ಕೊಟ್ಟ ಮೇಲೆ 2 ಉಳಿಯುತ್ತವೆ. ಆ ಎರಡನ್ನು ಎರಡು ಅಂತರಗಳಿಗೆ ಒಂದೊಂದು ಸೇರಿಸಿ. ಎಂದರೆ 11 ಅಂತರಗಳು 8 ಸಾಲಿನವು, 2 ಅಂತರಗಳು 10 ಸಾಲಿನವು. 88 + 20 = 108. ಶೇಷ ಎಂದರೆ ಬಿಸಾಡುವ ವಸ್ತು ಎಂದುಕೊಂಡಿದ್ದವರಿಗೆ, ಅದು ಎಷ್ಟು ಅಂತರಗಳು ಉದ್ದವಾಗಿರಬೇಕೆಂದು ಹೇಳುವ ಸಂಖ್ಯೆ ಎಂದು ತಿಳಿಯಿತು. ಆಮೇಲೆ ‘ವಿ’ ಕುತ್ತಿಗೆಯನ್ನು ಅವರೇ ಬಿಡಿಸಿದರು: 24 = 17 × 1 + 7. ಏಳು ಅಂತರ 4 ಸಾಲಿನವು, ಹತ್ತು ಅಂತರ 2 ಸಾಲಿನವು, 28 + 20 = 48.

ಉದ್ದದ ಅಂತರಗಳನ್ನು ಒಂದೇ ಕಡೆ ಗುಡ್ಡೆ ಹಾಕಬಾರದು, ನಡುನಡುವೆ ಹರಡಬೇಕು. ಇದಕ್ಕೆ ಮನೆಯ ಗೋಡೆಯಲ್ಲೇ ಒಂದು ಉದಾಹರಣೆ ತೂಗುತ್ತಿರುತ್ತದೆ. ಪಂಚಾಂಗದ ಚಾಂದ್ರಮಾನ ತಿಂಗಳುಗಳು ಸೌರ ವರ್ಷಕ್ಕಿಂತ ಹಿಂದೆ ಬೀಳುವುದರಿಂದ ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕ ಮಾಸಗಳು ಬರುತ್ತವೆ. ಏಳೂ ಒಟ್ಟಿಗೆ ಬರುವುದಿಲ್ಲ. ಎರಡು ಅಥವಾ ಮೂರು ವರ್ಷಕ್ಕೊಂದರಂತೆ ಹರಡಿಕೊಳ್ಳುತ್ತವೆ. 19 = 7 × 2 + 5: ಐದು ಅಂತರ ಮೂರು ವರ್ಷದವು, ಎರಡು ಅಂತರ ಎರಡು ವರ್ಷದವು ಎಂದು ಸ್ಥೂಲವಾಗಿ ಹೇಳಬಹುದು. ಸ್ವೆಟರಿನ ತೋಳಿನ ಲೆಕ್ಕದ್ದೇ ಜಾತಿ.

ಕಂಕುಳಿನ ಚೌಕ ಮೂಲೆಗೆ ತೋಳನ್ನು ಸೇರಿಸಲು ತುದಿಯಲ್ಲಿ ಸ್ವಲ್ಪ ನೇರ ಭಾಗ ಬೇಕು. ಮೂಲೆಯಲ್ಲಿ ಮುಚ್ಚಿದ್ದು 12 ಕುಣಿಕೆ, ಎಂದರೆ ಸುಮಾರು 5.45 ಸೆಂ.ಮೀ.; ಅಷ್ಟು ಎತ್ತರಕ್ಕೆ 16 ಸಾಲು. ಒಂದು ಕಡೆಯ ಕುಣಿಕೆ ಇನ್ನೊಂದು ಕಡೆಯ ಸಾಲಿಗೆ ಹೊಂದಬೇಕಾದ ಜಾಗ ಇದು. 11 : 15ರ ಅನುಪಾತ ಮತ್ತೆ ಇಲ್ಲಿ ಬಂತು.

ಈ ಸಂಖ್ಯೆಗಳು ಮೈಗೆ ಹೊಂದುತ್ತವೆಯೇ ಎಂದು ನೋಡಲು ಒಂದು ಒರೆಗಲ್ಲಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ (1910–1999) ಎಂಬ ಹೆಣಿಗೆ ಶಿಕ್ಷಕಿ, 1971ರ ‘ನಿಟಿಂಗ್ ವಿದೌಟ್ ಟಿಯರ್ಸ್’ ಪುಸ್ತಕದಿಂದ ಹೆಸರಾದವರು, ಸ್ವೆಟರಿನ ಎಲ್ಲ ಭಾಗಗಳನ್ನೂ ಸುತ್ತಳತೆಯ ಕುಣಿಕೆಗಳ ಶೇಕಡಾವಾರಿನಲ್ಲಿ ಹೇಳಿದರು. ಅವರ ಕ್ರಮದಲ್ಲಿ ಮುಂಗೈ ಸುತ್ತಳತೆಯ ಶೇ. 20, ಮೇಲ್ದೋಳು ಸುಮಾರು ಮೂರನೇ ಒಂದು ಭಾಗ. 184ರ ಶೇ. 20 ಸುಮಾರು 37. ನಮ್ಮದು 44, ಶೇ. 24ರಷ್ಟು. ಮೂರನೇ ಒಂದು ಭಾಗ 61, ನಮ್ಮದು 70. ನಮ್ಮ ತೋಳು ಅಗಲವಾಯಿತೇ? ಒಳಗೆ ಅಂಗಿಯ ತೋಳು ಇರುತ್ತದೆ, ಹುಡುಗ ಬೆಳೆಯುವವನು, ಕಂಕುಳಿನ ವಿನ್ಯಾಸವೂ ಬೇರೆ ಎಂಬ ಕಾರಣ ಕೊಟ್ಟು ತರಗತಿ ತನ್ನ ಸಂಖ್ಯೆಯನ್ನೇ ಉಳಿಸಿಕೊಂಡಿತು. ಸೂತ್ರ ಕೊಟ್ಟ ಸಂಖ್ಯೆಯೊಂದಿಗೆ ವಾದಿಸುವುದನ್ನು ನಾವು ಎಷ್ಟು ಸಲ ಕಲಿಸುತ್ತೇವೆ?

ನೂಲು ಎಷ್ಟು ಬೇಕು

ಇದು ಹಣದ ವಿಷಯ. ನೂಲನ್ನು ಒಟ್ಟಿಗೇ ಕೊಳ್ಳಬೇಕು. ಬೇರೆ ಸಲ ಬಣ್ಣ ಹಾಕಿದ ನೂಲು ಅದೇ ಬಣ್ಣದ್ದಾದರೂ ಸ್ವಲ್ಪ ಬೇರೆ ಕಾಣುತ್ತದೆ. ಕಡಿಮೆ ತಂದರೆ ಒಂದು ತೋಳು ಬೇರೆ ಬಣ್ಣ, ಹೆಚ್ಚು ತಂದರೆ ಹಣ ದಂಡ. ನಾವು ಅಳತೆ ತುಂಡನ್ನು ವಿಜ್ಞಾನ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿದೆವು: 8 ಗ್ರಾಂ. ಅದರ ಅಳತೆ 13.6 × 13.3 ಸೆಂ.ಮೀ., ವಿಸ್ತೀರ್ಣ ಸುಮಾರು 181 ಚ.ಸೆಂ.ಮೀ. ಕಂಕುಳವರೆಗಿನ ಮೈ 84 × 36 = 3024. ಮೇಲಿನ ಎರಡು ಆಯತಗಳಿಂದ ‘ವಿ’ ತ್ರಿಕೋನ ಕಳೆದರೆ ಸುಮಾರು 900. ತೋಳು ತ್ರಾಪಿಜ್ಯ: (20 + 32) ÷ 2 × 36 = 936; ಅದರ ಮೇಲಿನ ನೇರ ಭಾಗ 170, ಮುಂಗೈಯ 5 ಸೆಂ.ಮೀ. ಬಾರ್ಡರ್ 100; ಎರಡು ತೋಳಿಗೆ 2412. ಒಟ್ಟು ಸುಮಾರು 6300. ಸಮಾನುಪಾತದಿಂದ 6300 × 8 ÷ 181, ಸುಮಾರು 278 ಗ್ರಾಂ. ಬಾರ್ಡರ್ ಹೆಚ್ಚು ನೂಲು ತಿನ್ನುತ್ತದೆ, ಚಿತ್ರಪಟ್ಟಿಯ ಒಳಬದಿ ತಿನ್ನುತ್ತದೆ, ಹೊಲಿಗೆಗೂ ಬೇಕು; ಶೇ. 15 ಸೇರಿಸಿ 320. 50 ಗ್ರಾಮಿನ ಉಂಡೆಗಳು ಏಳು, ಅವುಗಳಲ್ಲಿ ಒಂದು ಗೋಪುರದ ಬಣ್ಣದ್ದು.

ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್. ಉಣ್ಣೆಯಷ್ಟು ಬೆಚ್ಚಗಿಲ್ಲದಿದ್ದರೂ ಬೇಗ ಒಣಗುತ್ತದೆ. ಮಲೆನಾಡಿನ ಜುಲೈನಲ್ಲಿ ಅದೂ ಒಂದು ಗುಣವೇ.

ತರಗತಿಯ ಕಡೆಯಿಂದ

1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮಿನಲ್ಲಿ ಕೈಕಸುಬು ಒಂದು ವಿಷಯವಾಗಿರಲಿಲ್ಲ, ಎಲ್ಲ ವಿಷಯಗಳನ್ನೂ ಕಲಿಸುವ ಮಾಧ್ಯಮವಾಗಿತ್ತು. ಇದನ್ನು ನಾವು ಬಿ.ಎಡ್. ಪರೀಕ್ಷೆಗೆ ಹತ್ತು ಅಂಕದ ಉತ್ತರವಾಗಿ ಬರೆಯುತ್ತೇವೆ. ಶಾಲೆಯಲ್ಲಿ ಕಸುಬಿಗೆ ಉಳಿದಿರುವುದು ಶನಿವಾರದ ಒಂದು ಪಿರಿಯಡ್, ಗಣಿತಕ್ಕೂ ಅದಕ್ಕೂ ಮಾತಿಲ್ಲ. ನಾಲ್ಕು ಪಿರಿಯಡ್‌ಗಳಿಗೆ ಬದಲಾಗಿ ಎರಡರಲ್ಲಿ ಅಭ್ಯಾಸದ ಲೆಕ್ಕಗಳನ್ನೆಲ್ಲ ಮುಗಿಸಬಹುದಿತ್ತು ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ನನ್ನ ಉತ್ತರ ಇಷ್ಟೇ: ಇಲ್ಲಿ ದತ್ತಾಂಶವನ್ನು ಯಾರೂ ಕೊಡುವುದಿಲ್ಲ. ಯಾವುದನ್ನು ಅಳೆಯಬೇಕು ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ. ಅಭ್ಯಾಸದ ಲೆಕ್ಕದಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ.

‘ಇದು ಹೆಣ್ಣುಮಕ್ಕಳ ಕೆಲಸ’ ಎಂಬ ಮುಸಿಮುಸಿ ನಗು ಮೊದಲ ದಿನ ಇತ್ತು. ಯುರೋಪಿನಲ್ಲಿ ಒಂದು ಕಾಲಕ್ಕೆ ಹೆಣಿಗೆಯ ವೃತ್ತಿಸಂಘಗಳಲ್ಲಿದ್ದವರು ಗಂಡಸರೇ ಎಂದೆ. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ದೀಪದ ಲೆಕ್ಕ.

ಯೋಜನೆಯ ಹಾಳೆಯನ್ನು ಹುಡುಗಿ ಮನೆಗೆ ಒಯ್ದಳು. ಅಜ್ಜಿ ಅಂಕಿಗಳನ್ನು ಓದುವವರಲ್ಲ. ಗೇಣು, ಬೆರಳು ಅವರ ಅಳತೆ. ಮೊಮ್ಮಗಳು ಓದಿ ಹೇಳಿದ್ದನ್ನೆಲ್ಲ ಕೇಳಿ ಒಂದೇ ಬದಲಾವಣೆ ಹೇಳಿ ಕಳಿಸಿದರು: ತೋಳನ್ನು ಮುಂಗೈಯಿಂದ ಶುರುಮಾಡಬೇಡಿ, ಭುಜದಿಂದ ಶುರುಮಾಡಿ. ಕಾರಣವನ್ನು ತರಗತಿಯಲ್ಲಿ ಬಿಡಿಸಿದೆವು. ಹೆಣಿಗೆ ಸುಲಭವಾಗಿ ಬಿಚ್ಚಿಕೊಳ್ಳುವುದು ಮುಗಿಸಿದ ತುದಿಯಿಂದ, ಆರಂಭಿಸಿದ ಕಡೆಯಿಂದಲ್ಲ. ಮುಂಗೈ ಕೊನೆಗೆ ಬಂದರೆ, ಮುಂದಿನ ವರ್ಷ ಬಾರ್ಡರನ್ನಷ್ಟೇ ಬಿಚ್ಚಿ, ಬೇಕಾದಷ್ಟು ಸಾಲು ಸೇರಿಸಿ, ಮತ್ತೆ ಬಾರ್ಡರ್ ಹಾಕಬಹುದು. ತೋಳಿನಲ್ಲಿ ಚಿತ್ರವಿಲ್ಲದ್ದರಿಂದ ತಲೆಕೆಳಗಾಗುವ ಭಯವೂ ಇಲ್ಲ. ಲೆಕ್ಕ ಬದಲಾಗಲಿಲ್ಲ, ಓದುವ ದಿಕ್ಕು ಬದಲಾಯಿತು: 72ರಿಂದ ಆರಂಭ, 16 ಸಾಲು ನೇರ, ಆಮೇಲೆ ಅದೇ 13 ಅಂತರಗಳಲ್ಲಿ ಹೆಚ್ಚಿಸುವ ಬದಲು ಇಳಿಸುತ್ತಾ 46ಕ್ಕೆ.

ವರ್ಷಕ್ಕೆ 3 ಸೆಂ.ಮೀ. ಉದ್ದ ಮಾಡಬೇಕಾದರೆ ಎಷ್ಟು ನೂಲು ತೆಗೆದಿಡಬೇಕು ಎಂದು ಕೊನೆಯ ಪಿರಿಯಡ್‌ನಲ್ಲಿ ಕೇಳಿದೆ. ಬಾರ್ಡರಿನ ನೂಲು ಬಿಚ್ಚಿದ್ದೇ ಮತ್ತೆ ಬರುತ್ತದೆ. ಹೊಸದಾಗಿ ಬೇಕಾದದ್ದು ಒಂದು ತೋಳಿಗೆ 9 ಸಾಲು; ಎರಡು ತೋಳಿಗೆ 3 × 20 × 2 = 120 ಚ.ಸೆಂ.ಮೀ., ಆರು ಗ್ರಾಂ ಒಳಗೆ. ಏಳು ಉಂಡೆಯಲ್ಲಿ 30 ಗ್ರಾಂ ಉಳಿಯುತ್ತದೆ. ‘ಹಾಗಾದ್ರೆ ಎಸ್ಸೆಸ್ಸೆಲ್ಸಿವರೆಗೂ ತೋಳು ಬರುತ್ತೆ’ ಎಂದಳು ಅಕ್ಕ, ‘ಎದೆ ಸುತ್ತಳತೆ ಬರಲ್ಲ’ ಎಂದ ದೀಪದ ಲೆಕ್ಕದ ಹುಡುಗ.